ಏಣಿಯ ಬುಡದ ಜಾಗ

ಬೆಟ್ಟಮ್ಮ ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದು ಮತ್ತೆ ಕೆಲಸಕ್ಕೆ ನಿಂತ ದಿನ, ಅವಳ ಗಂಡ ಚೆಲುವರಾಜುವಿನ ಏಣಿಯನ್ನು ಬೇರೊಬ್ಬಳು ಹಿಡಿದು ನಿಂತಿದ್ದಳು.

ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗುತ್ತ ಬಂದಿತ್ತು. ಒಂಟಿಕೊಪ್ಪಲಿನಲ್ಲಿ ನಿವೃತ್ತ ಅಮಲ್ದಾರರೊಬ್ಬರ ಮಹಡಿ ಮನೆ ಏಳುತ್ತಿತ್ತು. ಚೆಲುವರಾಜು ಗಾರೆ ಕೆಲಸದವನು. ಸೂರಿನಂಚಿಗೆ ಗೆರೆ ತೆಗೆಯುವುದು, ಕಿಟಕಿಯ ಮೇಲೆ ಹೂವು ಕೂರಿಸುವುದು, ಇಂಥ ನಾಜೂಕಿನ ಕೆಲಸಕ್ಕೆ ಮೇಸ್ತ್ರಿ ಅವನನ್ನೇ ಹತ್ತಿಸುತ್ತಿದ್ದ. ಮದುವೆಯಾದಾಗಿನಿಂದ ಕೆಳಗೆ ನಿಂತು ಏಣಿ ಹಿಡಿದವಳು ಬೆಟ್ಟಮ್ಮನೇ. ಆಗೆಲ್ಲ ಅದಕ್ಕೊಂದು ಕಟ್ಟಳೆ ಇರಲಿಲ್ಲ. ಹಿಡಿಯುವಳು, ನಡುವೆ ಹೋಗಿ ಒಂದು ಬಾಂಡ್ಲಿ ಗಾರೆ ಹೊತ್ತು ತರುವಳು, ಮತ್ತೆ ಬಂದು ಹಿಡಿಯುವಳು.

ಅವಳು ತವರಿನಲ್ಲಿದ್ದಾಗ ಲಷ್ಕರ್ ಮೊಹಲ್ಲಾದ ಒಂದು ಕಟ್ಟಡದಲ್ಲಿ ಏಣಿ ಜಾರಿ ಒಬ್ಬ ಕೆಳಗೆ ಬಿದ್ದು ಸೊಂಟ ಮುರಿದುಕೊಂಡಿದ್ದ. ಅದನ್ನು ಕಣ್ಣಾರೆ ಕಂಡ ಓವರ್ಸಿಯರ್ ವೃಷಭೇಂದ್ರಪ್ಪನವರು ಅಂದಿನಿಂದ ಬಿಗಿ ಮಾಡಿದ್ದರು. ಮೇಲೆ ಕಟ್ಟಲು ಆಸರೆಯಿದ್ದರೆ ಏಣಿಯ ತಲೆಯನ್ನು ಹಗ್ಗದಿಂದ ಕಟ್ಟಬೇಕು. ಚೆಲುವರಾಜುವಿನ ಹಾಗೆ ಗಳಿಗೆಗೊಮ್ಮೆ ಏಣಿ ಸರಿಸುವವರಿಗೆ ಕೆಳಗೆ ಒಬ್ಬರು ನಿಂತಿರಲೇಬೇಕು. ಹತ್ತಿದವನ ಕಾಲು ನೆಲ ಮುಟ್ಟುವತನಕ ಅವರು ಕೈ ಬಿಡುವ ಹಾಗಿಲ್ಲ. ಬಿಟ್ಟರೆ ಮಾರನೆಯ ದಿನ ಕೆಲಸವಿಲ್ಲ.

ಆ ಜಾಗಕ್ಕೆ ಬಂದವಳು ಪಂಕಜಾ. ಬೆಟ್ಟಮ್ಮನಿಗಿಂತ ದೊಡ್ಡವಳು, ಅಗಲ ಮೈಕಟ್ಟು, ಮಾತು ಕಡಿಮೆ. ರೂಪವಂತೆಯೇನಲ್ಲ. ಒಂದು ಪಾದವನ್ನು ಕೆಳಗಿನ ಮೆಟ್ಟಿಲಿಗೆ ಒತ್ತಿ, ಎರಡೂ ಕೈಯಲ್ಲಿ ಬಿದಿರು ಹಿಡಿದು ನಿಂತಳೆಂದರೆ ನೆಟ್ಟ ಕಂಬ. ಒಂದು ಸಂಜೆ ಊಟ ಮಾಡುತ್ತ ಚೆಲುವರಾಜು ಅದನ್ನೇ ಹೇಳಿದ. ಪಂಕಜಾ ಹಿಡಿದರೆ ಗೋಡೆ ಮೇಲೆ ನಿಂತ ಹಾಗಿರುತ್ತೆ, ಕೈ ನಡುಗೋದೇ ಇಲ್ಲ ಅಂದ. ಬೆಟ್ಟಮ್ಮ ಅವನ ತಟ್ಟೆಗೆ ಸಾರು ಬಡಿಸಿದಳು. ತಾನು ಹಿಡಿದಾಗ ಅವನ ಕೈ ನಡುಗುತ್ತಿತ್ತೇ ಎಂದು ಕೇಳಬೇಕೆನಿಸಿತು.

ಅಲ್ಲಿಂದ ಅವಳಿಗೆ ಕೆಲಸದ ಮೇಲೆ ಗಮನವಿರಲಿಲ್ಲ. ಇಟ್ಟಿಗೆ ಹೊತ್ತು ಆ ಗೋಡೆಯ ಮಗ್ಗುಲಿಂದಲೇ ಹಾದುಹೋಗುತ್ತಿದ್ದಳು. ಪಂಕಜಾ ಚೆಲುವರಾಜುವನ್ನು ಅಣ್ಣ ಎಂದು ಕರೆಯುವುದು ಕೇಳಿ ಇನ್ನಷ್ಟು ಉರಿಯಿತು. ಒಳಗೇನೋ ಇಟ್ಟುಕೊಂಡವರೇ ಹಾಗೆ ಕರೆಯುವುದು ಅಂದುಕೊಂಡಳು. ಮಧ್ಯಾಹ್ನ ಗಂಡ ಪಂಕಜಾಳ ಚೆಂಬಿನಿಂದ ನೀರು ಕುಡಿದರೆ ಇವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಎಷ್ಟು ಹುಡುಕಿದರೂ ಅವರಿಬ್ಬರಲ್ಲಿ ತಪ್ಪು ಕಾಣಲಿಲ್ಲ. ಕಂಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದಳೋ ಏನೋ.

ಕೊನೆಗೆ ಮೇಸ್ತ್ರಿ ಕೆಂಪಯ್ಯನ ಹತ್ತಿರ ಹೋಗಿ ತನ್ನ ಜಾಗ ತನಗೆ ಕೊಡಿ ಎಂದು ಕೇಳಿದಳು. ಕೆಂಪಯ್ಯ ಒರಟನಲ್ಲ. ಹಾಲು ಕುಡಿಯೋ ಮಗು ಇದೆ, ಅದು ಅತ್ತರೆ ನೀನು ತಿರುಗಿ ನೋಡ್ತೀಯ, ಅಲ್ಲಿ ನಿಂತೋರು ತಿರುಗಬಾರದು ಎಂದು ಸಮಾಧಾನವಾಗಿಯೇ ಹೇಳಿದ. ಪಂಕಜಾಳಿಗೂ ಮಗಳಿಲ್ಲವೇ, ಅವಳು ಮಾತ್ರ ತಿರುಗುವುದಿಲ್ಲವೇ ಎಂದು ಬೆಟ್ಟಮ್ಮ ವಾದಿಸಿದಳು. ಅವನು ನಕ್ಕು ಕೆಲಸದ ಕಡೆ ನಡೆದ.

ಆ ನಗು ಅವಳನ್ನು ಕೊರೆಯಿತು. ಎರಡು ದಿನ ಬಿಟ್ಟು, ಚೆಲುವರಾಜು ಮಹಡಿಯ ಸೂರಿನಂಚಿಗೆ ಕರಣೆಯಾಡಿಸುತ್ತಿದ್ದಾಗ, ಬೆಟ್ಟಮ್ಮ ಇಟ್ಟಿಗೆ ಇಳಿಸಿ ಓಡಿಬಂದಳು.

“ಪಂಕಜಕ್ಕ, ನಿನ್ನ ಮಗಳು ಸುಣ್ಣದ ಗುಂಡಿಗೆ ಬಿದ್ಬುಟ್ಟವಳೆ.”

ಹಿತ್ತಲಲ್ಲಿ ಸುಣ್ಣ ಅರಳಿಸಲು ತೋಡಿದ ಗುಂಡಿ ಕೊತಕೊತ ಕುದಿಯುತ್ತಿತ್ತು. ಪಂಕಜಾಳ ಮುಖದಲ್ಲಿ ರಕ್ತ ಇಳಿದುಹೋಯಿತು. ಆದರೆ ಕೈ ಏಣಿಯಿಂದ ಬರಲಿಲ್ಲ. ಅವಳು ತಲೆಯೆತ್ತಿ, “ಅಣ್ಣ, ಇಳಿ. ಬೇಗ ಇಳಿ” ಅಂದಳು. ಪಕ್ಕದಲ್ಲಿ ಬಿದಿರು ಕಟ್ಟಿದ ಸಾರುವೆಯ ಮೇಲೆ ನಿಂತು ಗಾರೆ ಮೆತ್ತುತ್ತಿದ್ದ ಹುಚ್ಚಣ್ಣನನ್ನು ಕೂಗಿ ಹಿತ್ತಲಿಗೆ ಓಡಲು ಬೇಡಿಕೊಂಡಳು. ಚೆಲುವರಾಜು ಕರಣೆ ಎಸೆದು ಇಳಿಯತೊಡಗಿದ. ಅವಸರಕ್ಕೆ ಅರ್ಧದಲ್ಲಿ ಒಂದು ಮೆಟ್ಟಿಲು ತಪ್ಪಿ ಕೈಯಲ್ಲೇ ಜೋತುಬಿದ್ದ. ಏಣಿ ಕಿರುಗುಟ್ಟಿ ಒಂದು ಪಕ್ಕಕ್ಕೆ ವಾಲಿತು. ಪಂಕಜಾ ಎದೆಯೊಡ್ಡಿ ಅದನ್ನು ಗೋಡೆಗೆ ಒತ್ತಿ ಹಿಡಿದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಸುಳ್ಳು ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಬೆಟ್ಟಮ್ಮ ಪಂಕಜಾಳ ಕೈಯನ್ನೇ ನೋಡುತ್ತ ನಿಂತಿದ್ದಳು.

ಚೆಲುವರಾಜುವಿನ ಪಾದ ನೆಲ ಮುಟ್ಟಿದ ಮೇಲೆಯೇ ಪಂಕಜಾ ಓಡಿದ್ದು.

ಮಗು ಮರಳಿನ ಗುಡ್ಡೆಯ ಹಿಂದೆ ಆಡುತ್ತಿತ್ತು. ಅದನ್ನು ಸೊಂಟಕ್ಕೆ ಎತ್ತಿಕೊಂಡು ಪಂಕಜಾ ತಿರುಗಿ ಬಂದಳು. ಅಷ್ಟರಲ್ಲಿ ಕೆಂಪಯ್ಯ, ಹುಚ್ಚಣ್ಣ ಎಲ್ಲ ಸೇರಿದ್ದರು. ಅವಳು ಬೈಯಲಿಲ್ಲ, ಕೈ ಎತ್ತಲಿಲ್ಲ. ಉಸಿರು ಹಿಡಿದು ಹಿಡಿದು ಹೇಳಿದಳು:

“ಮೇಲಿದ್ದೋನು ನಿನ್ನ ಗಂಡ ಕಣಮ್ಮ. ನಾನು ಕೈ ಬುಟ್ಟಿದ್ರೆ?”

ಬೆಟ್ಟಮ್ಮ ಅದನ್ನು ಯೋಚಿಸಿಯೇ ಇರಲಿಲ್ಲ. ಪಂಕಜಾ ತಿರುಗುತ್ತಾಳೆಯೇ ಎಂದಷ್ಟೇ ನೋಡುತ್ತಿದ್ದಳು. ಅಲ್ಲೇ ಇಟ್ಟಿಗೆಯ ರಾಶಿಯ ಮೇಲೆ ಕುಸಿದು ಕೂತಳು.

ಆ ಸಂಜೆ ಮನೆಗೆ ನಡೆದು ಹೋಗುವಾಗ ಅವಳು ತಾನೇ ಬಾಯಿಬಿಟ್ಟು, ಪಂಕಜಾಳ ಮೇಲಿನ ಹೊಟ್ಟೆಕಿಚ್ಚಿಗೆ ಹೀಗೆ ಮಾಡಿದೆ ಎಂದು ಗಂಡನಿಗೆ ಹೇಳಿದಳು. ಚೆಲುವರಾಜು ಕರಣೆಯ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. ಆಮೇಲೆ, “ಮೇಲಿಂದ ನೋಡಿದ್ರೆ ಏಣಿ ಹಿಡಿದೋರ ನೆತ್ತಿ ಮಾತ್ರ ಕಾಣ್ತದೆ, ಬೆಟ್ಟಿ” ಅಂದ.

ಬೆಳಿಗ್ಗೆ ಅವಳು ಪಂಕಜಾಳ ಮುಂದೆ ನಿಂತು ತಪ್ಪಾಯಿತು ಅಂದಳು. ಪಂಕಜಾ ಆಗಲಿ ಬುಡು ಎಂದಳೇ ಹೊರತು ಮುಖ ಕೊಡಲಿಲ್ಲ. ವೃಷಭೇಂದ್ರಪ್ಪನವರು ಬೆಟ್ಟಮ್ಮನನ್ನು ಓಡಿಸಿಬಿಡಿ ಎಂದಿದ್ದರು. ಬೇಡ ಎಂದು ಅವರನ್ನು ತಡೆದವಳೂ ಪಂಕಜಾಳೇ ಎಂದು ಆಮೇಲೆ ಗೊತ್ತಾಯಿತು. ಆದರೆ ಇನ್ನು ಚೆಲುವಣ್ಣನ ಏಣಿ ಹಿಡಿಯುವುದಿಲ್ಲ ಎಂದು ಕೆಂಪಯ್ಯನಿಗೆ ಖಂಡಿತವಾಗಿ ಹೇಳಿ ಅವಳು ಹುಚ್ಚಣ್ಣನ ಏಣಿ ಹಿಡಿಯಲು ಹೋದಳು. ಬೇರೆ ಯಾರೂ ಸಿಗದೆ ಕೆಂಪಯ್ಯ ಬೆಟ್ಟಮ್ಮನನ್ನೇ ಗಂಡನ ಏಣಿಗೆ ನಿಲ್ಲಿಸಿದ.

ಕೆಂಪಯ್ಯ ಹೇಳಿದ ಹಾಗೆಯೇ ಅವಳು ನಿಂತಳು, ಪಾದ ಒತ್ತಿ, ಕೈ ಬಿಗಿ ಹಿಡಿದು. ಚೆಲುವರಾಜು ಸಿಟ್ಟನ್ನೇನೂ ತೋರಿಸಲಿಲ್ಲ. ಆದರೆ ಒಂದೊಂದು ಮೆಟ್ಟಿಲನ್ನೂ ಕಾಲಿಂದ ಅದುಮಿ ನೋಡಿ, ಆಮೇಲೆ ಭಾರ ಬಿಟ್ಟು ಹತ್ತಿದ. ಆಚೆ ಗೋಡೆಯಲ್ಲಿ, ಪಂಕಜಾ ಹಿಡಿದ ಏಣಿಯ ಮೇಲೆ ಹುಚ್ಚಣ್ಣ ಬೀಡಿ ಕಚ್ಚಿಕೊಂಡು, ಕೆಳಗೆ ನೋಡದೆ, ಸರಸರನೆ ಏರಿಹೋಗುತ್ತಿದ್ದ. ಬೆಟ್ಟಮ್ಮ ಬಿದಿರನ್ನು ಇನ್ನೂ ಬಿಗಿಯಾಗಿ ಹಿಡಿದು ಅತ್ತಲೇ ನೋಡಿದಳು. ಅವಳ ಎದೆ ಮತ್ತೆ ಉರಿಯಿತು.