ತಿಪ್ಪೇರುದ್ರಮ್ಮನ ಕಂಬಳಿ

ಚಳ್ಳಕೆರೆಯ ಮೆಕ್ಯಾನಿಕ್ ಮುಬಷೀರನದು ಕುರಿಗಳ್ಳನ ಮುಖ ಎಂದು ಕಂಡುಹಿಡಿದವನು ಸಿನಿಮಾ ನಿರ್ದೇಶಕ ಶಶಿಕಾಂತ್. ಕೆಟ್ಟುನಿಂತ ಗಾಡಿ ರಿಪೇರಿಗೆಂದು ಬಂದವನು, ಅದರ ಅಡಿಯಿಂದ ತೆವಳಿಕೊಂಡು ಹೊರಬಂದ ಮಸಿ ಮುಖ ನೋಡಿ, "ನನ್ ಪಿಕ್ಚರ್‌ಗೆ ನೀವೇ ಕಳ್ಳ" ಎಂದುಬಿಟ್ಟ.

"ಹದಿನಾಲ್ಕು ವರ್ಷದಿಂದ ನಾನೂ ಅದನ್ನೇ ಹೇಳ್ತಿದೀನಿ" ಎಂದು ಹೆಂಡತಿ ಫರ್ಜಾನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳು ಜಬೀನ್ ಅಷ್ಟರಲ್ಲಿ ಶಾಲೆಯಲ್ಲೆಲ್ಲ ಡಂಗುರ ಸಾರಿಯಾಗಿತ್ತು. ಇನ್ನು ಒಲ್ಲೆ ಎನ್ನುವಂತಿರಲಿಲ್ಲ.

ಶೂಟಿಂಗ್ ದೊಡ್ಡಉಳ್ಳಾರ್ತಿಯ ಕುರಿ ಮೇಯುವ ಕಾವಲಿನಲ್ಲಿ. ಕಳ್ಳನನ್ನು ಹಿಡಿದು ಹೊಡೆಯುವವರು ಅಲ್ಲಿನ ಹಟ್ಟಿಯ ಕುರಿಗಾರರೇ. ಬೆಳಿಗ್ಗೆ ಅವರಿಗೆಲ್ಲ ಸ್ಪಂಜು ಸುತ್ತಿ ಬಣ್ಣ ಬಳಿದ ಕೋಲು ಹಂಚಿದರು. ಚಂದ್ರಣ್ಣ ಎಂಬ ಕುರಿಗಾರ ತನ್ನ ಕೋಲಿನಿಂದ ಮುಬಷೀರನ ಬೆನ್ನಿಗೆ ಎರಡು ತಟ್ಟಿ, "ಇದ್ರಾಗೆ ಹೊಡುದ್ರೆ ನಿದ್ದೆ ಬರ್ತೈತೆ ಕಣಣ್ಣ" ಅಂದ. ಎಲ್ಲರೂ ಒಂದೇ ಕ್ಯಾನಿನ ಟೀ ಕುಡಿದರು.

"ಡೈಲಾಗ್ ಇಲ್ಲ, ರಿಹರ್ಸಲ್ ಇಲ್ಲ" ಎಂದ ಶಶಿಕಾಂತ್. "ನಿಜವಾಗ್ಲೂ ಕಳ್ಳ ಸಿಕ್ರೆ ಏನ್ ಮಾಡ್ತೀರೋ ಅದನ್ನೇ ಮಾಡಿ. ಕ್ಯಾಮೆರಾ ದೂರದಲ್ಲಿರುತ್ತೆ, ಅದನ್ನ ಮರ್ತುಬಿಡಿ."

ಹಾಗೆ ಹೇಳಬಾರದಿತ್ತು. ಆ ತಿಂಗಳಲ್ಲೇ ಮೂರು ಮಂದೆಗಳಿಂದ ಮರಿ ಕಳುವಾಗಿದ್ದವು. ಮೂರು ಸಲವೂ ಬಿಳಿ ವ್ಯಾನು ಕಂಡವರಿದ್ದರು. ಸಿನಿಮಾದವರು ತಂದು ನಿಲ್ಲಿಸಿದ್ದೂ ಬಿಳಿ ವ್ಯಾನನ್ನೇ.

ಸಾಲದ್ದಕ್ಕೆ, ಸಿನಿಮಾಕ್ಕೆಂದು ತಂದಿದ್ದ ಮರಿ ಮುಬಷೀರನ ತೋಳಿನಲ್ಲಿ ಕೂಸಿನಂತೆ ನಿದ್ದೆ ಹೋಯಿತು. ಶಶಿಕಾಂತನಿಗೆ ತಲೆ ಕೆಟ್ಟಿತು. "ಅರಚೋ ಮರಿ ಬೇಕು! ಆ ಮಂದೇಲಿ ಒಂದು ಎತ್ಕೊಂಡು ಓಡಿ" ಎಂದು ಜಾಲಿಗಿಡಗಳ ಕಡೆ ಕೈ ತೋರಿಸಿದ. ಅಲ್ಲಿದ್ದದ್ದು ಹಟ್ಟಿಯವರ ಮಂದೆಯಲ್ಲ. ದೇವಸಮುದ್ರದ ಕಡೆಯಿಂದ ಮೇಯಿಸಿಕೊಂಡು ಬಂದಿದ್ದ ಕ್ಯಾತಪ್ಪನದು. ಅವನು ದಿಬ್ಬದಾಚೆ ನೀರು ಕುಡಿಯಲು ಹೋಗಿದ್ದ. ಸಿನಿಮಾದ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ.

ಮುಬಷೀರ್ ಮರಿ ಎತ್ತಿಕೊಂಡು ವ್ಯಾನಿನತ್ತ ಓಡಿದ. ಮರಿ ಕಿವಿ ಹರಿಯುವಂತೆ ಅರಚಿತು. ತಾಯಿ ಕುರಿ ಅವನ ಕಾಲಿಗೇ ತೊಡರಿಕೊಂಡು ಬಂತು. ದಿಬ್ಬ ಹತ್ತಿದ ಕ್ಯಾತಪ್ಪನಿಗೆ ಕಂಡದ್ದು ಬಿಳಿ ವ್ಯಾನು, ಪೇಟೆಯವನ ತೋಳಿನಲ್ಲಿ ತನ್ನ ಮರಿ, ಹಿಂದೆ "ಕಳ್ಳ, ಕಳ್ಳ" ಎಂದು ಅಟ್ಟಿಸಿಕೊಂಡು ಬರುವ ಜನ.

"ದೊಂಗ! ದೊಂಗ!" ಎಂದು ತನ್ನ ತೆಲುಗಿನಲ್ಲಿ ಕೂಗುತ್ತ ಇಳಿದು ಬಂದ. ಅವನ ಕೈಯಲ್ಲಿದ್ದದ್ದು ಸ್ಪಂಜಿನ ಕೋಲಲ್ಲ.

ಮೊದಲ ಏಟು ಹೆಗಲಿಗೆ, ಎರಡನೆಯದು ಅಡ್ಡ ಹಿಡಿದ ಬಲಗೈಗೆ. ನಿಜವಾದ ಏಟಿನ ಸದ್ದು ಕೇಳಿದ್ದೇ ತಡ, ಉಳಿದವರ ಕಣ್ಣೂ ಬದಲಾಯಿತು. ಮೂರು ಮಂದೆಯ ಸಿಟ್ಟು ಒಟ್ಟಿಗೆ ಎದ್ದು ಬಂದಂತಿತ್ತು. ಬೆಳಿಗ್ಗೆ ಜೊತೆಯಲ್ಲಿ ಟೀ ಕುಡಿದಿದ್ದ ಚಂದ್ರಣ್ಣನೇ ಸ್ಪಂಜಿನ ಕೋಲು ಎಸೆದು ಕಲ್ಲು ಎತ್ತಿಕೊಂಡ. ಅದು ಮುಬಷೀರನ ಹಣೆಗೆ ಬಿತ್ತು.

"ಸಿನಿಮಾ ಕಣ್ರೋ! ನಿಲ್ಸ್ರೋ!" ಎಂದು ಮುಬಷೀರ್ ಅರಚಿದ. ದೂರದಲ್ಲಿ ಶಶಿಕಾಂತ್, ಎಂಥ ನಟನೆ ಎಂದುಕೊಂಡು, ಕ್ಯಾಮೆರಾದವನ ಹೆಗಲು ಅದುಮಿ ಹಿಡಿದಿದ್ದ.

ಮುಬಷೀರ್ ಬೋರಲು ಬಿದ್ದು ಬಲಗೈಯನ್ನು ಹೊಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡ. ತಲೆ ಒಡೆದರೆ ಹೊಲಿಯುತ್ತಾರೆ. ಈ ಕೈ ಹೋದರೆ ಸ್ಪ್ಯಾನರ್ ಹಿಡಿಯುವವರು ಯಾರು? ತಾಯಿ, ಹೆಂಡತಿ, ಮಗಳು ಮೂವರೂ ಉಣ್ಣುತ್ತಿದ್ದದ್ದು ಆ ಒಂದು ಕೈಯ ದುಡಿಮೆಯಿಂದ.

ಆಗ ಕತ್ತಲಾಯಿತು. ಒರಟಾದದ್ದೇನೋ ಮೈಮೇಲೆ ಬಿತ್ತು, ಕುರಿ ವಾಸನೆ ಮೂಗಿಗೆ ಹೊಡೆಯಿತು. ಅದರ ಮೇಲೆ ಇನ್ನೊಂದು ಏಟು ಬಿದ್ದು ಮೆತ್ತಗೆ ಇಂಗಿಹೋಯಿತು. ಆಮೇಲೆ ಏಟಿಲ್ಲ.

"ಹೊಡೀರಿ, ಈಗ ಹೊಡೀರಿ ನೋಡಾನ!"

ಹಟ್ಟಿಯ ಮುದುಕಿ ತಿಪ್ಪೇರುದ್ರಮ್ಮನ ದನಿ. ಗುಂಪಿನಲ್ಲಿ ಸುಮ್ಮನೆ ನಿಂತಿರಲು ಬಂದಿದ್ದವಳು ತನ್ನ ಕಂಬಳಿಯನ್ನು ಅವನ ಮೇಲೆ ಎಸೆದು, ಅದರ ಅಂಚಿನ ಮೇಲೆ ಕೂತುಬಿಟ್ಟಿದ್ದಳು. ಹಿರಿಯರು ಕಂಬಳಿ ಹೊದಿಸಿದವನ ಮೇಲೆ ಆ ಕುರಿಗಾರರು ಕೈ ಎತ್ತುವುದಿಲ್ಲ. ಎಷ್ಟು ದೊಡ್ಡ ಜಗಳವಾದರೂ ಅಲ್ಲಿಗೆ ನಿಲ್ಲಬೇಕು.

"ಕಳ್ಳನ್ನ ಕಾಯ್ತೀಯೇನವ್ವ?" ಎಂದ ಕ್ಯಾತಪ್ಪ, ಏದುಸಿರು ಬಿಡುತ್ತ.

"ಕಳ್ಳನೋ ಒಳ್ಳೆಯವ್ನೋ ಆಮೇಲೆ ಕೇಳಾನ ಕಣಲೇ. ಮೊದ್ಲು ಉಸುರಾಡ್ಲಿ."

ಓಡಿಬಂದ ಶಶಿಕಾಂತ್ "ಸೂಪರ್ ಅಜ್ಜಿ!" ಎಂದು ಬಾಯಿ ತೆರೆದವನು, ಕಂಬಳಿಯ ಅಂಚಿನಿಂದ ಇಳಿಯುತ್ತಿದ್ದ ರಕ್ತ ನೋಡಿ ಬೆಳ್ಳಗಾದ. ನಡೆದದ್ದು ಏನೆಂದು ತಡವರಿಸುತ್ತ ಹೇಳಿದ. ಎಲ್ಲರ ಕಣ್ಣೂ ಅವನತ್ತ ತಿರುಗಿತು. ಮುದುಕಿ ಕಂಬಳಿಯ ತುದಿ ಎತ್ತಿ, "ಬಾರಪ್ಪ, ನೀನೂ ಒಳಿಕ್ ಬಾ. ಈಗ ನಿಂದೇ ಸರದಿ" ಅಂದಳು.

ಅದೇ ಬಿಳಿ ವ್ಯಾನಿಗೆ ಮುಬಷೀರನನ್ನು ಕಂಬಳಿಯ ಸಮೇತ ಎತ್ತಿ ಮಲಗಿಸಿದವನು ಕ್ಯಾತಪ್ಪನೇ. ಆಸ್ಪತ್ರೆಯಲ್ಲಿ ಹಣೆಗೆ ಐದು ಹೊಲಿಗೆ. ಕೈ ಕುಂಬಳಕಾಯಿಯಂತೆ ಊದಿದ್ದರೂ ಮೂಳೆ ಮುರಿದಿಲ್ಲವೆಂದು ಡಾಕ್ಟರು ಹೇಳಿದಾಗ, ತಾಯಿ ಸಕೀನಾ ಬೀ "ಅಲ್‌ಹಮ್ದುಲಿಲ್ಲಾ" ಎಂದು ನೆಲಕ್ಕೆ ಕುಸಿದಳು. ಬಾಗಿಲಾಚೆ ಕ್ಯಾತಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದ. ಶಶಿಕಾಂತ್ ಕ್ಯಾಮೆರಾದಲ್ಲಿದ್ದ ಹೊಡೆತದ ದೃಶ್ಯವನ್ನು ಎಲ್ಲರೆದುರೇ ಅಳಿಸಿಹಾಕಿದ.

ಕೈಯ ಊತ ಇಳಿದ ಮೇಲಿನ ಭಾನುವಾರ ಮುಬಷೀರ್ ಮನೆಮಂದಿಯನ್ನೆಲ್ಲ ಕರೆದುಕೊಂಡು ಹಟ್ಟಿಗೆ ಹೋದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಸುತ್ತುತ್ತಿದ್ದದ್ದು ಮುದುಕಿಯ ವಿಚಾರವೇ. ಅವನು ಯಾರು, ಎತ್ತಣವನು, ಕದ್ದನೋ ಇಲ್ಲವೋ, ಯಾವುದನ್ನೂ ಕೇಳದೆ ಹೊದಿಸಿದ್ದಳಲ್ಲ! ಸಕೀನಾ ಬೀ ಮಡಚಿದ ಕಂಬಳಿಯನ್ನು ಎರಡು ಕೈಯಲ್ಲಿ ಕೊಟ್ಟು, ಮುದುಕಿಯ ಕೈಗಳನ್ನು ಬಿಡದೆ ಹಿಡಿದುಕೊಂಡಳು.

ತಿಪ್ಪೇರುದ್ರಮ್ಮ ಕಂಬಳಿ ಮೂಸಿ ನೋಡಿದಳು. "ಅಯ್ಯೋ, ಸೋಪಾಕಿ ಒಗ್ದೀಯೇನವ್ವ? ಇನ್ನು ನನ್ ಕುರಿ ನನ್ನ ಗುರ್ತು ಹಿಡೀತಾವಾ?"

ಕ್ಯಾತಪ್ಪನಿಗೂ ಸುದ್ದಿ ಹೋಗಿತ್ತು. ಅದೇ ಮರಿಯನ್ನು ಹೆಗಲ ಮೇಲೆ ಹೊತ್ತು ಬಂದು, ತಲೆ ತಗ್ಗಿಸಿ, "ತಪ್ಪಾತಣ್ಣ. ಇದನ್ನ ಮಕ್ಳಿಗೆ ತಗಂಡೋಗು" ಎಂದು ಮುಂದೆ ಹಿಡಿದ.

ಮುಬಷೀರ್ ಎರಡು ಹೆಜ್ಜೆ ಹಿಂದೆ ಸರಿದ. "ನಾನಂತೂ ಮುಟ್ಟಲ್ಲಪ್ಪ! ಕೊಡಂಗಿದ್ರೆ ಮನೇತಂಕ ನೀನೇ ಹೊತ್ಕೊಂಡು ಬಾ."

ಚಂದ್ರಣ್ಣ ಮೊದಲು ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

ಮುದುಕಿ ನಗಲಿಲ್ಲ. "ಎಲ್ಲಿ, ಕೈ ತೋರ್ಸು. ಮುಚ್ಚು. ತೆಗಿ" ಎಂದು ಐದೂ ಬೆರಳು ಎಳೆದು ನೋಡಿದಳು. ಆಮೇಲೆ ಗುಡಿಸಲೊಳಗೆ ಹೋಗಿ ಹಳೆಯ ಬ್ಯಾಟರಿ ಟಾರ್ಚು ತಂದು ಅವನ ಅಂಗೈಯಲ್ಲಿಟ್ಟಳು. "ಆರು ತಿಂಗ್ಳಾತು, ಹತ್ತಾಕಿಲ್ಲ."

ಮುಬಷೀರ್ ಅಲ್ಲೇ ಕಲ್ಲಿನ ಮೇಲೆ ಕೂತು ಅದನ್ನು ಬಿಚ್ಚಿದ. ಸ್ಪ್ರಿಂಗಿಗೆ ಹಿಡಿದ ತುಕ್ಕು ಕೆರೆದು, ಮುಚ್ಚಳ ತಿರುಗಿಸಿ, ಗುಂಡಿ ಒತ್ತಿದ. ಹಗಲು ಬೆಳಕಿನಲ್ಲೂ ಅದು ಹತ್ತಿದ್ದು ಕಾಣಿಸಿತು. ತಿಪ್ಪೇರುದ್ರಮ್ಮ ಅದನ್ನು ಇಸಿದುಕೊಂಡು ನೇರ ಅವನ ಮುಖಕ್ಕೆ ಬಿಟ್ಟಳು.

"ಯಾವನ್ಲೇ ಅಂದಿದ್ದು, ಇದು ಕಳ್ಳನ ಮಖ ಅಂತ?"

ಫರ್ಜಾನಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬೇರೆ ಕಡೆ ನೋಡಿದಳು.