ವರ್ನೆಲ್ ಹೆಸರಿನ ಸೂಜಿ

"ನಿಮ್ಮ ಹೆಸರಲ್ಲಿ ಒಂದು ಸೂಜಿನೂ ಇಲ್ಲ ಮೇಡಂ," ಎಂದಳು ವಕೀಲರ ಕಚೇರಿಯ ಹುಡುಗಿ. "ಒಡೆಟ್ಟಾ ಟಬ್ಸ್ ಅನ್ನೋರು ಆ ಕ್ಲಿನಿಕ್‌ಗೆ ಕಾಲೇ ಇಟ್ಟಿಲ್ಲವಂತೆ."

ಒಡೆಟ್ಟಾ ಫೋನನ್ನು ಅಕ್ಕನ ಅಡುಗೆಮನೆಯ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದಳು. ಅಕ್ಕ ವರ್ನೆಲ್ ಸಿಂಕಿನಲ್ಲಿ ಸೊಪ್ಪು ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ಅಕ್ಕನ ಕಾರ್ಡಲ್ಲಿ ಹಾಕಿಸ್ಕೊಂಡಿದ್ದು," ಎಂದಳು ಒಡೆಟ್ಟಾ.

ಹುಡುಗಿ ಅದನ್ನು ಟೈಪ್ ಮಾಡಿಕೊಳ್ಳುವ ಸದ್ದು ಕೇಳಿತು. ಹಾಗಾದರೆ ಆ ಅಕ್ಕನೇ ಕ್ಲಿನಿಕ್‌ನಿಂದ ಕಾಗದ ತರಿಸಿ, ಕಾರ್ಡು ಕೊಟ್ಟದ್ದು ನಿಜವೆಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಶುಕ್ರವಾರದೊಳಗೆ ಬರದಿದ್ದರೆ ದಾವೆಗೆ ಒಡೆಟ್ಟಾ ಸೇರುವಂತಿಲ್ಲ ಎಂದಳು.

ಮಿಸಿಸಿಪ್ಪಿಯ ಆ ಊರಿನಲ್ಲಿ ಒಬ್ಬರ ಕಾರ್ಡನ್ನು ಇನ್ನೊಬ್ಬರು ಬಳಸುವುದೇನು ದೊಡ್ಡ ಗುಟ್ಟಲ್ಲ. ಒಡೆಟ್ಟಾ ದುಡಿಯುತ್ತಿದ್ದ ಮೀನು ಕತ್ತರಿಸುವ ಕಾರ್ಖಾನೆಯಲ್ಲಿ ವಿಮೆ ಇರಲಿಲ್ಲ. ಎರಡು ಮಕ್ಕಳ ತಾಯಿ ವರ್ನೆಲ್‌ಗೆ ಬಡವರ ಉಚಿತ ಚಿಕಿತ್ಸೆಗೆಂದು ಸರ್ಕಾರ ಕೊಟ್ಟ ಕಾರ್ಡಿತ್ತು, ಮಕ್ಕಳಿಲ್ಲದ ಒಡೆಟ್ಟಾಗೆ ಇರಲಿಲ್ಲ. ಮೂರು ತಿಂಗಳಿಗೊಂದು ಸೂಜಿ, ಬಸಿರಿನ ಭಯವಿಲ್ಲ. ತಲೆನೋವೆಂದರೆ ಅರ್ಧ ಗಂಟೆ ಬಿಡದ ಸೂಪರ್‌ವೈಸರ್ ಸೂಜಿಯ ದಿನ ಮಾತ್ರ ನಗುನಗುತ್ತಾ ಕಳಿಸುತ್ತಿದ್ದ. ಬಸುರಿಯರ ಕೈ ನಿಧಾನ ಎಂಬುದಷ್ಟೇ ಆ ಪುಣ್ಯಾತ್ಮನ ಚಿಂತೆ. ಹನ್ನೊಂದು ವರ್ಷ ಹೀಗೇ ನಡೆಯಿತು. ಹೋದ ವರ್ಷ ಒಡೆಟ್ಟಾಳ ತಲೆಬುರುಡೆ ತೆರೆದು ನಿಂಬೆಹಣ್ಣಿನಷ್ಟು ಗೆಡ್ಡೆ ತೆಗೆದರು. ಬಲಗಣ್ಣು ಹೋಯಿತು, ಅದರ ಹಿಂದೆಯೇ ಕೆಲಸವೂ ಹೋಯಿತು. ಸೂಜಿಯಿಂದ ಇಂಥ ಗೆಡ್ಡೆ ಬೆಳೆಯುವ ಅಪಾಯ ಗೊತ್ತಿದ್ದೂ ಅದನ್ನು ತಯಾರಿಸುವ ಕಂಪನಿ ಬಾಯಿ ಮುಚ್ಚಿಕೊಂಡಿತ್ತು ಎಂಬುದೇ ದಾವೆ.

ವರ್ನೆಲ್ ಕೊನೆಗೂ ತಿರುಗಿದಳು. "ನಾನು ಕಳ್ಳಿ ಅಂತ ನನ್ನ ಕೈಯಾರೆ ಬರ್ಕೊಡ್ಲಾ? ಶಾಲೆ ಅಡುಗೆಮನೇಲಿ ಆರು ವರ್ಷದಿಂದ ಬೆನ್ನು ಮುರ್ಕೊಂಡಿದೀನಿ. ಇನ್ನೆರಡು ವರ್ಷ ಆದ್ರೆ ಪೆನ್ಷನ್ನು. ಸರ್ಕಾರಕ್ಕೆ ಮೋಸ ಮಾಡ್ದೋಳು ಅಂತ ಗೊತ್ತಾದ್ರೆ ಇಟ್ಕೋತಾರಾ?"

"ನನ್ನ ತಲೆ ಕೊರೆದ್ರು ಕಣಕ್ಕಾ."

"ಗೊತ್ತು! ಆಸ್ಪತ್ರೇಲಿ ನಿನ್ನ ಹೇಲು ಉಚ್ಚೆ ಬಳಿದೋಳು ನಾನೇ!"

"ಅದನ್ನೂ ಹಂಗಿಸ್ತೀಯಲ್ಲ, ಥೂ."

ಒಡೆಟ್ಟಾ ಬಾಗಿಲನ್ನು ಕಿಟಕಿ ಅದುರುವ ಹಾಗೆ ಎಳೆದುಕೊಂಡು ಹೋದಳು. ಸಿಟ್ಟು ಯಾರ ಮೇಲೆ ಬರಬೇಕಿತ್ತು, ಯಾರ ಮೇಲೆ ಬಂತು! ಕಂಪನಿಯ ದೊಡ್ಡವರು ಆ ಅಡುಗೆಮನೆಯಲ್ಲಿ ಕೈಗೆ ಸಿಗುವವರಲ್ಲ. ಕೈಗೆ ಸಿಕ್ಕವಳು ಒಡಹುಟ್ಟಿದವಳು.

ಬುಧವಾರ ಮಧ್ಯಾಹ್ನ ಒಡೆಟ್ಟಾಳ ಮನೆ ಮುಂದೆ ಕಾರಿನ ಹಾರ್ನ್ ಬಡಿದುಕೊಂಡಿತು. ಒಳಗೆ ವರ್ನೆಲ್ ಕೂತಿದ್ದಳು, ಶಾಲೆಯ ಏಪ್ರನ್ ಕೂಡ ಬಿಚ್ಚಿರಲಿಲ್ಲ. ತೊಡೆಯ ಮೇಲೆ ಕ್ಲಿನಿಕ್‌ನ ಕಾಗದಗಳ ಕಂತೆ.

"ಕಾರು ಹತ್ತು. ಕೂತು ಕೇಳು," ಎಂದವಳೇ ಓದತೊಡಗಿದಳು. "'ವರ್ನೆಲ್‌ಗೆ ತಲೆನೋವು. ನೀರು ಹೆಚ್ಚು ಕುಡಿಯಲು ಹೇಳಲಾಯಿತು. ಸೂಜಿ ಕೊಡಲಾಯಿತು.'" ಹಾಳೆ ತಿರುವಿದಳು. "'ವರ್ನೆಲ್ ಕಣ್ಣು ಮಂಜು ಎನ್ನುತ್ತಾಳೆ. ತೂಕ ಇಳಿಸಲು ಹೇಳಲಾಯಿತು. ಸೂಜಿ ಕೊಡಲಾಯಿತು.' ಒಂಬತ್ತು ಕಡೆ ಹೀಗೇ ಐತೆ. ಅವರಿಗೆ ಒಂಬತ್ತು ಸಲ ಹೇಳಿದೀಯ, ನಂಗೆ ಒಂದ್ಸಲನೂ ಹೇಳ್ಲಿಲ್ವಲ್ಲೇ!"

"ಹೇಳಿದ್ರೆ ಕಾರ್ಡು ಕಿತ್ಕೋತಿದ್ದೆ."

"ಕಿತ್ಕೋತಿದ್ದೆ! ಕೆನ್ನೆಗೆರಡು ಬಿಟ್ಟು ಕಿತ್ಕೋತಿದ್ದೆ!" ವರ್ನೆಲ್ ಸ್ಟೇರಿಂಗಿಗೆ ಗುದ್ದಿದಳು. "ಎಷ್ಟು ದುಂಡಗೆ ಬರ್ಕೊಂಡಿದಾರೆ ನೋಡು. ಬರ್ಕೊಂಡು ಚುಚ್ಚಿದಾರೆ. ನನ್ನ ಹೆಸರು ಬರ್ಕೊಂಡು ನನ್ನ ತಂಗೀಗೆ ಚುಚ್ಚಿದಾರೆ. ಮುಖ ನೋಡಿದಾರಾ ಒಂದಿನ? ಬರೀ ತೋಳು ನೋಡಿದಾರೆ."

ಅವಳು ಮೂಗನ್ನು ಏಪ್ರನ್ನಿನಿಂದ ಒರೆಸಿಕೊಂಡು ಕಾರು ಚಾಲೂ ಮಾಡಿದಳು. ಬ್ಯಾಂಕು ಮುಚ್ಚಲು ಇನ್ನೂ ಒಂದು ಗಂಟೆಯಿತ್ತು. ಊರಿಗಿದ್ದ ಒಬ್ಬಳೇ ನೋಟರಿ ಕೂರುತ್ತಿದ್ದುದು ಅಲ್ಲೇ.

ಹೆಸರು ಬರೆಸಿ ಇಬ್ಬರೂ ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂತರು. ಪೆನ್ಷನ್ ಏನಾದೀತು ಎಂದು ಒಡೆಟ್ಟಾ ಕೇಳಬೇಕೆಂದುಕೊಂಡಳು, ಕೇಳದೆ ಅಕ್ಕನ ತೊಡೆಯ ಮೇಲಿನ ಕಂತೆಯನ್ನೇ ನೋಡಿದಳು.

ನೋಟರಿ ತಲೆ ಎತ್ತದೆ ಕೂಗಿದಳು. "ವರ್ನೆಲ್!"

ಒಡೆಟ್ಟಾ ಎದ್ದು ನಿಂತಳು. ನಿಂತಿದ್ದೇನೆಂಬುದು ಅವಳಿಗೇ ತಿಳಿಯಲಿಲ್ಲ. ಬಲಗೈ ತಾನಾಗಿಯೇ ಎಡತೋಳಿನ ಅಂಗಿಯನ್ನು ಭುಜದವರೆಗೆ ಮಡಚುತ್ತಿತ್ತು.

ವರ್ನೆಲ್ ಅದನ್ನು ನೋಡಿದಳು. ಎದ್ದು, ಮಡಚಿದ ತೋಳನ್ನು ಮೆಲ್ಲಗೆ ಕೆಳಗೆಳೆದು ಮುಂಗೈವರೆಗೂ ಸರಿಮಾಡಿದಳು.

"ಕೂತ್ಕೋ ಕಣೇ," ಎಂದಳು. "ಇವತ್ತು ವರ್ನೆಲ್ ನಾನು."

ಕಾಗದದ ಕಂತೆ ಹಿಡಿದು ಅವಳು ನೋಟರಿಯ ಮೇಜಿನತ್ತ ಹೋದಳು.