ರೆಕಾರ್ಡಿನವನು

ನನ್ನ ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಪೀಪಿ. ದನಿ ಹಾಗೆಯೇ ಇದೆ, ತೆಳ್ಳಗೆ, ಎತ್ತರಕ್ಕೆ. ನನಗಂತೂ ಆ ದನಿ ಪ್ರಾಣ. ಆದರೆ ಅವನ ಮೊದಲೆರಡು ಆಲ್ಬಮ್‌ಗಳನ್ನು ಪತ್ರಿಕೆಯವರು ಕಣ್ಣೆತ್ತಿಯೂ ನೋಡಲಿಲ್ಲ. ಮೂರನೆಯದನ್ನು ಹಳೇ ಕಾಲದವರ ಹಾಗೆ ಮಾಡುತ್ತೇನೆಂದು ಹಟ ಹಿಡಿದ. ಕಂಪ್ಯೂಟರ್ ಮುಟ್ಟುವಂತಿಲ್ಲ. ಟೇಪಿನಲ್ಲೇ ಹಾಡು ಹಿಡಿಯಬೇಕು, ದೊಡ್ಡ ಕಪ್ಪು ರೆಕಾರ್ಡಿನಲ್ಲೇ ಹೊರಗೆ ತರಬೇಕು.

ಅಟ್ಟದಲ್ಲಿದ್ದ ಟೇಪ್ ಯಂತ್ರವನ್ನು ರಿಪೇರಿ ಮಾಡಿದ್ದು ಚಿಕ್ಕಪ್ಪ. ಅವರ ಕಸುಬು ಹೊಲಿಗೆ ಯಂತ್ರದ್ದು, ಆದರೆ ತಿರುಗುವ ವಸ್ತು ಯಾವುದು ಕಂಡರೂ ಅವರ ಕೈ ಸುಮ್ಮನಿರುವುದಿಲ್ಲ. ಸವೆದ ಗಾಲಿ ಕಿತ್ತು, ತಮ್ಮ ಡಬ್ಬಿಯಲ್ಲಿದ್ದ ಇನ್ನೊಂದನ್ನು ಹಾಕಿದರು.

"ನೋಡು, ಹೆಂಗ್ ಓಡ್ತಿದೆ!"

ಓಡಿತು, ಓಡಬೇಕಾದ್ದಕ್ಕಿಂತ ಜೋರಾಗಿಯೇ ಓಡಿತು. ನಮಗೆ ಗೊತ್ತಾಗಲಿಲ್ಲ, ಏಕೆಂದರೆ ಹಾಡಿದ್ದೂ ಅದೇ ಯಂತ್ರಕ್ಕೆ, ತಿರುಗಿ ಕೇಳಿದ್ದೂ ಅದರಲ್ಲೇ. ರೆಕಾರ್ಡ್ ಅಚ್ಚು ಹಾಕುವ ಕಾರ್ಖಾನೆಯ ಯಂತ್ರದ ವೇಗ ಸರಿಯಾಗಿತ್ತು. ಅಲ್ಲಿ ಅದೇ ಟೇಪು ನಿಧಾನಕ್ಕೆ ತಿರುಗಿ, ಹಾಡುಗಳು ಸುಸ್ತಾದವರ ಹಾಗೆ ನಡೆದವು. ತಮ್ಮನ ದನಿ ಇಳಿದು ಯಾರೋ ವಯಸ್ಸಾದ ಗಂಡಸಿನ ದನಿಯಾಯಿತು.

ಕಾರ್ಖಾನೆಯವರು ಒಪ್ಪಿಗೆಗೆಂದು ಒಂದು ಪ್ರತಿ ಕಳಿಸಿದ್ದರು. ಆದರೆ ಮನೆಯಲ್ಲಿ ರೆಕಾರ್ಡ್ ಹಾಕುವ ಯಂತ್ರವೇ ಇಲ್ಲ! ನಮ್ಮ ಮಹಾರಾಯ ಅದನ್ನು ಬೆಳಕಿಗೆ ಹಿಡಿದು, "ಗೆರೆ ಎಷ್ಟ್ ಚೆನ್ನಾಗಿ ಬಂದಿದೆ ಅಲ್ವಾ ಅಕ್ಕಾ," ಎಂದು ಒಪ್ಪಿಗೆ ಕೊಟ್ಟುಬಿಟ್ಟ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹೆಸರಾಂತ ವಿಮರ್ಶಕರೊಬ್ಬರು ಅರ್ಧ ಪುಟ ಹೊಗಳಿ ಬರೆದರು. "ಬದುಕಿನಲ್ಲಿ ಚೆನ್ನಾಗಿ ಪೆಟ್ಟು ತಿಂದವನ ದನಿ. ಯಾವ ಅವಸರವೂ ಇಲ್ಲದ ಹಾಡುಗಾರಿಕೆ." ಮಿಕ್ಕವರೂ ಅದನ್ನೇ ಹಿಂದುಮುಂದು ಮಾಡಿ ಬರೆದರು. ತಮ್ಮ ಕುಣಿಯುತ್ತಾ ಅಂಗಡಿಗೆ ಹೋಗಿ ರೆಕಾರ್ಡ್ ಹಾಕಿಸಿ ಕೇಳಿದ. ಮನೆಗೆ ಬಂದವನ ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕಾ, ಅದು ನಾನಲ್ಲ," ಎಂದು ಅತ್ತ.

ಹಟ ಬಿಟ್ಟು ಕಂಪ್ಯೂಟರ್ ಮುಂದೆ ಕೂತ. ವೇಗ ಸರಿಪಡಿಸಿ, ತನ್ನ ನಿಜವಾದ ದನಿಯಲ್ಲಿ ಹಾಡುಗಳನ್ನು ಮತ್ತೆ ಬಿಡುಗಡೆ ಮಾಡಿದ. ಗಾಲಿಯ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಬರೆದ. ಅದೇ ವಿಮರ್ಶಕರು ಮತ್ತೆ ಬರೆದರು: "ಕಂಪ್ಯೂಟರಿನಲ್ಲಿ ತಿರುಚಿದ ಕೃತಕ ದನಿ. ಗಾಲಿಯ ಕತೆ ಸೊಗಸಾಗಿದೆ, ನಂಬಲು ನಾವು ಮಕ್ಕಳಲ್ಲ."

ನನಗೆ ತಡೆಯಲಾಗಲಿಲ್ಲ. ಪತ್ರಿಕೆಗೆ ಫೋನ್ ಮಾಡಿ ಅವರನ್ನೇ ಹಿಡಿದೆ.

"ಸಾರ್, ಅವನು ಹುಟ್ಟಿದಾಗಿಂದ ಕೇಳ್ತಿದೀನಿ. ಅವನ ದನಿ ಇರೋದೇ ಹಾಗೆ."

"ಅಕ್ಕ ಅಂದ್ಮೇಲೆ ಹಾಗೇ ಹೇಳ್ಬೇಕಲ್ಲಮ್ಮ," ಎಂದು ನಕ್ಕು ಫೋನಿಟ್ಟರು.

ಆ ರೆಕಾರ್ಡಿನ ಹೆಸರಲ್ಲಿ ಏರ್ಪಾಡಾಗಿದ್ದ ಸಂಗೀತ ಕಛೇರಿಯ ದಿನ ಸಭಾಂಗಣ ತುಂಬಿತ್ತು. ತಮ್ಮ ಗಿಟಾರ್ ಹಿಡಿದು ನಿಂತು ತನ್ನ ದನಿಯಲ್ಲೇ ಹಾಡಿದ, ಒಂದು ಸ್ವರವೂ ತಪ್ಪಲಿಲ್ಲ. ಮೂರನೇ ಹಾಡಿನ ಹೊತ್ತಿಗೆ ಹಿಂದಿನ ಸಾಲಿನವರು ನನ್ನ ಭುಜ ಮುಟ್ಟಿ, ಬಹಳ ಮರ್ಯಾದೆಯಿಂದ ಕೇಳಿದರು: "ಮುಖ್ಯ ಗಾಯಕರು ಯಾವಾಗ ಬರ್ತಾರೆ?"

ಮರುದಿನ ಪಕ್ಕದ ಮನೆಯವರು ತಮ್ಮಲ್ಲಿದ್ದ ರೆಕಾರ್ಡ್ ಯಂತ್ರ ತಂದುಕೊಟ್ಟರು. ಅಮ್ಮ ಬಟಾಣಿ ಸುಲಿಯುತ್ತಾ ರೆಕಾರ್ಡನ್ನು ಪೂರ್ತಿ ಕೇಳಿದಳು, ಕಣ್ಣೊರೆಸಿಕೊಂಡಳು. ಆಮೇಲೆ ತಮ್ಮನನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿದಳು.

"ಬೇಜಾರ್ ಮಾಡ್ಕೋಬೇಡ ಕಣೋ. ಈ ರೆಕಾರ್ಡಿನವನು ಹಾಡಿದ್ರೆ ಹೊಟ್ಟೆ ಒಳಗೆ ಏನೋ ಆಗುತ್ತೆ. ನೀನೂ ಒಂಚೂರು ಹಂಗೆ ಹಾಡೋಕೆ ನೋಡ್ಬಾರ್ದಾ?"

ಅಮ್ಮನ ಬಾಯಿ ಮುಚ್ಚಿಸಬೇಕೆನಿಸಿತು. ಆದರೆ ಪ್ರೀತಿಯಿಂದ ಹೇಳಿದವಳ ಮೇಲೆ ಹೇಗೆ ರೇಗಲಿ? ತಮ್ಮ ನೆಲದ ಮೇಲೆ ಬಿದ್ದಿದ್ದ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದ. ಅಮ್ಮ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಆಗ ಅವನ ಫೋನು ಬಡಿದುಕೊಂಡಿತು. ರೇಡಿಯೋದವರು, ಸಂದರ್ಶನಕ್ಕೆ. ತಮ್ಮ ಎದ್ದು ಕಿಟಕಿಯ ಕಡೆ ತಿರುಗಿದ. ಗಲ್ಲವನ್ನು ಎದೆಗೆ ಒತ್ತಿ, ಉಸಿರು ಬಿಗಿಹಿಡಿದು, ದನಿಯನ್ನು ಗಂಟಲಿನ ತಳಕ್ಕೆ ಇಳಿಸಿದ.

"ಹೇಳಿ ಸಾರ್, ನಾನೇ ಮಾತಾಡ್ತಿರೋದು," ಎಂದ, ದಪ್ಪಗೆ.

ಒಳಗಿನಿಂದ ಅಮ್ಮ ಕೂಗಿದಳು. "ಯಾರೇ ಅದು, ಬಂದಿರೋದು?"

ತಮ್ಮ ನನ್ನ ಕಡೆ ನೋಡಲಿಲ್ಲ.

"ಯಾರೂ ಬಂದಿಲ್ಲಮ್ಮ," ಎಂದೆ.